'ವಿಜಾಪುರ ರಸ್ತೆ' ಎಂದರೆ 37 ಬೈಟ್: ಕನ್ನಡ ಬರಹವನ್ನು ಓದುವ, ಬರೆಯುವ ಸ್ಟ್ರೀಮ್‌ಗಳು

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಯಾವುದೇ ಸಂಘದ ಸದಸ್ಯರ ಪಟ್ಟಿ ತೆರೆದು ನೋಡಿ. ಹೆಸರು ಕನ್ನಡದಲ್ಲಿ, ವಿಳಾಸ ಮರಾಠಿಯಲ್ಲಿ. ಒಮ್ಮೊಮ್ಮೆ ಒಂದೇ ಸಾಲಿನಲ್ಲಿ ಎರಡೂ ಲಿಪಿ. ಇಂಥ ಪಟ್ಟಿಯನ್ನು ಓದಿ ಬರೆಯುವ ಪ್ರೋಗ್ರಾಂ ಮಾಡಲು ಹೊರಟ ಕಾಲೇಜು ವಿದ್ಯಾರ್ಥಿಗಳಿಗೆ ಉಪಯೋಗವಾಗಲಿ ಎಂದು ಈ ಲೇಖನ ಕೊಡುತ್ತಿದ್ದೇವೆ. ಪಟ್ಟಿ ನೋಡಿಕೊಳ್ಳುವ ಪದಾಧಿಕಾರಿಗಳೂ ಒಮ್ಮೆ ಓದಬೇಕು. ಏಕೆಂದರೆ ಇಲ್ಲಿ ಅಕ್ಷರ ಕೆಟ್ಟರೆ ಒಬ್ಬ ಸದಸ್ಯರ ಹೆಸರೇ ಅಳಿದಂತೆ.

ಸ್ಟ್ರೀಮ್ ಎಂದರೆ ಬೈಟುಗಳ ಹರಿವು. ಕಡತ, ಕೀಲಿಮಣೆ, ನೆಟ್‌ವರ್ಕ್ ಎಲ್ಲವೂ ಪ್ರೋಗ್ರಾಮಿಗೆ ಒಂದೇ ಬಗೆಯಾಗಿ ಕಾಣಲಿ ಎಂಬುದು ಯುನಿಕ್ಸ್ ಕಾಲದಿಂದ ಬಂದ ವಿಚಾರ. ನಳದ ನೀರನ್ನು ಕೊಡದಲ್ಲಿ ಹಿಡಿದಂತೆ, ಲೈಬ್ರರಿಯು ಬೈಟುಗಳನ್ನು ಬಫರಿನಲ್ಲಿ ಹಿಡಿದು ಕೊಡುತ್ತದೆ. ನೀರನ್ನು ಎರಡು ಕೊಡಕ್ಕೆ ಹಂಚಿದರೂ ನೀರೇ. ಅಕ್ಷರ ಹಾಗಲ್ಲ.

ಯುನಿಕೋಡ್ ಕನ್ನಡದ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. 'ವಿಜಾಪುರ ರಸ್ತೆ' ಎಂಬಲ್ಲಿ ಕಣ್ಣಿಗೆ ಕಾಣುವುದು 6 ಅಕ್ಷರ. ಗುಣಿತ, ವಿರಾಮ ಚಿಹ್ನೆಗಳನ್ನು ಬಿಡಿಸಿದರೆ 12 ಚಿಹ್ನೆ, ನಡುವೆ ಒಂದು ಖಾಲಿ ಜಾಗ. ಒಟ್ಟು 37 ಬೈಟ್. ಇದನ್ನು 32 ಬೈಟಿನ ಬಫರಿನಲ್ಲಿ ಹಿಡಿದರೆ 'ವಿಜಾಪುರ ರಸ್' ಪೂರ್ತಿ ಬರುತ್ತದೆ, 'ತ'ದ ಒಂದೇ ಬೈಟ್ ಬರುತ್ತದೆ. ಉಳಿದ ಎರಡು ಬೈಟ್ ಮುಂದಿನ ಸುತ್ತಿಗೆ. ಪ್ರತಿ ಬಫರನ್ನೂ ಬೇರೆ ಬೇರೆಯಾಗಿ ಅಕ್ಷರಕ್ಕೆ ತಿರುಗಿಸಿದರೆ 'ತ' ಇದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಚೌಕಗಳು. ಬಫರು 4096 ಬೈಟಿನದಾದರೂ ಇದೇ ಕಥೆ, ಅದು 3ರಿಂದ ಭಾಗವಾಗುವುದಿಲ್ಲ. ಇಂಗ್ಲಿಷ್ ಪಟ್ಟಿಯಲ್ಲಿ ಪರೀಕ್ಷೆ ಮಾಡಿದವರಿಗೆ ಈ ದೋಷ ಎಂದೂ ಕಾಣುವುದಿಲ್ಲ, ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್.

ಇನ್ನೊಂದು ಸ್ವಾರಸ್ಯ ಗಮನಿಸಿ. ಕನ್ನಡದ 'ಕ' 224, 178, 149. ಮರಾಠಿ ಬರೆಯುವ ದೇವನಾಗರಿಯ 'ಕ' 224, 164, 149. ವ್ಯತ್ಯಾಸ ನಡುವಿನ ಬೈಟಿನಲ್ಲಿ ಮಾತ್ರ!

ಆದ್ದರಿಂದ ಒಳ್ಳೆಯ ಲೈಬ್ರರಿಯಲ್ಲಿ ಬೈಟುಗಳ ಹರಿವು ಬೇರೆ, ಅಕ್ಷರಗಳ ಹರಿವು ಬೇರೆ. 1996ರಲ್ಲಿ ಬಂದ ಜಾವಾದ ಮೊದಲ ಆವೃತ್ತಿಯಲ್ಲಿ ಇನ್‌ಪುಟ್‌ಸ್ಟ್ರೀಮ್, ಔಟ್‌ಪುಟ್‌ಸ್ಟ್ರೀಮ್ ಎಂಬ ಬೈಟ್ ವರ್ಗಗಳಷ್ಟೇ ಇದ್ದವು. ಸಾಲದೆಂದು 1997ರ 1.1 ಆವೃತ್ತಿಯಲ್ಲಿ ಅಕ್ಷರಗಳಿಗಾಗಿ ರೀಡರ್, ರೈಟರ್ ಸೇರಿಸಿದರು. 2008ರ ಪೈಥಾನ್ 3.0 ಮೂರು ಪದರ ಮಾಡಿತು: ಕೆಳಗೆ ಕಚ್ಚಾ ಬೈಟ್, ಮಧ್ಯದಲ್ಲಿ ಬಫರ್, ಮೇಲೆ ಪಠ್ಯ. ಮೇಲಿನ ಪದರವು ಅರ್ಧ ಬಂದ ಅಕ್ಷರದ ಬೈಟುಗಳನ್ನು ನೆನಪಿನಲ್ಲಿಟ್ಟುಕೊಂಡು, ಉಳಿದವು ಬಂದ ಮೇಲೆ ಜೋಡಿಸುತ್ತದೆ. ಕೈಯಾರೆ ಬರೆಯುವವರು ಮರೆಯುವುದು ಈ ನೆನಪನ್ನೇ.

ಹರಿವು ಮುಗಿಯಿತು ಎಂದು ತಿಳಿಸುವುದೂ ವಿನ್ಯಾಸದ ಮಾತೇ. ಜಾವಾದಲ್ಲಿ ಒಂದು ಬೈಟ್ ಓದಿದರೆ 0ಯಿಂದ 255ರ ವರೆಗಿನ ಸಂಖ್ಯೆ ಬರುತ್ತದೆ, ಮುಗಿದಿದ್ದರೆ -1. ಅದನ್ನು ಬೈಟ್ ಎಂದೇ ಇಟ್ಟುಕೊಂಡರೆ 255 ಕೂಡ -1 ಆಗಿಬಿಡುತ್ತದೆ. ಯುಟಿಎಫ್-8 ಬರಹದಲ್ಲಿ 255 ಬರುವುದೇ ಇಲ್ಲ. ಆದರೆ ಜೆಪಿಇಜಿ ಫೋಟೋದ ಮೊದಲ ಬೈಟೇ 255. ಪಟ್ಟಿ ಸರಿಯಾಗಿ ಓದಿದ ಪ್ರೋಗ್ರಾಂ, ಸದಸ್ಯರ ಫೋಟೋ ಮಾತ್ರ ಖಾಲಿ ಎನ್ನುತ್ತದೆ.

ಕೆಟ್ಟ ಬೈಟ್ ಸಿಕ್ಕಾಗ ಏನು ಮಾಡಬೇಕು? ನಮ್ಮ ಅಭಿಪ್ರಾಯ ಖಚಿತ: ಅಲ್ಲೇ ನಿಲ್ಲಬೇಕು. ಪೈಥಾನ್ ತಾನಾಗಿಯೇ ದೋಷ ಹೇಳಿ ನಿಲ್ಲುತ್ತದೆ. ಜಾವಾದ ಇನ್‌ಪುಟ್‌ಸ್ಟ್ರೀಮ್‌ರೀಡರ್‌ಗೆ ಬರೀ ಸಂಕೇತ ಪದ್ಧತಿಯ ಹೆಸರು ಕೊಟ್ಟರೆ ಸದ್ದಿಲ್ಲದೆ ಬದಲಿ ಚಿಹ್ನೆ ಹಾಕಿ ಮುಂದೆ ಹೋಗುತ್ತದೆ. ಓದುವಷ್ಟಕ್ಕೆ ಅದು ನಡೆದೀತು. ಆ ಪಟ್ಟಿಯನ್ನೇ ಮತ್ತೆ ಅದೇ ಕಡತಕ್ಕೆ ಬರೆದರೆ ಮೂಲ ಬೈಟುಗಳು ಹೋದವು, ಹೆಸರನ್ನು ಮರಳಿ ಪಡೆಯಲು ಯಾವ ತಂತ್ರವೂ ಇಲ್ಲ. ಹಾಗಾಗಿ ಹಳೆಯ ಕಡತದ ಮೇಲೆ ಬರೆಯಬೇಡಿ. ಬೇರೆ ಹೆಸರಿನಲ್ಲಿ ಬರೆದು, ಮುಚ್ಚಿ, ಸಾಲುಗಳ ಎಣಿಕೆ ತಾಳೆ ನೋಡಿ, ಆಮೇಲೆ ಹೆಸರು ಬದಲಿಸಿ. ಮುಚ್ಚದೆ ಬಿಟ್ಟರೆ ಬಫರಿನಲ್ಲಿ ಉಳಿದ ಕೊನೆಯ ಕೆಲವು ಸಾಲು ಡಿಸ್ಕಿಗೆ ತಲುಪದೇ ಇರಬಹುದು.

ಕಡತ ತೆರೆಯುವಾಗಲೆಲ್ಲ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಜಾವಾದಲ್ಲಿ ಅದು ತಾನಾಗಿಯೇ ಆಯ್ಕೆಯಾಗುವುದು 2022ರ 18ನೇ ಆವೃತ್ತಿಯಿಂದ. ಅದಕ್ಕೂ ಹಿಂದಿನವು ಯಂತ್ರದ ಸೆಟ್ಟಿಂಗ್ ನೋಡಿಕೊಳ್ಳುತ್ತಿದ್ದವು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳಿಗೆ ಈ ಮಾತು ಸಾಲದು. ಅಲ್ಲಿರುವುದು ಅಕ್ಷರದ ಆಕಾರದ ತುಂಡುಗಳು, ಮೊದಲು ಪರಿವರ್ತಕದಿಂದ ಯುನಿಕೋಡ್ ಮಾಡಿಕೊಳ್ಳಬೇಕು.

ತುಂಡು ಮಾಡಲೇಬೇಕಾದರೆ ಸಾಲಿನ ಕೊನೆಯಲ್ಲಿ ಮಾಡಿ. ಸಾಲು ಮುಗಿಸುವ ಬೈಟ್ 10. ಯುಟಿಎಫ್-8 ಕನ್ನಡ ಅಕ್ಷರದೊಳಗಿನ ಬೈಟುಗಳೆಲ್ಲ 128 ಅಥವಾ ಹೆಚ್ಚು, ಹೀಗಾಗಿ ಗೊಂದಲವಿಲ್ಲ. ಅಂಕಣಕ್ಕೆ 20 ಚಿಹ್ನೆ ಎಂದು ಕತ್ತರಿಸುವುದು ಮಾತ್ರ ಅಪಾಯ. ಬೈಟ್ ಸರಿಯಿದ್ದರೂ ಒತ್ತಕ್ಷರ ಮುರಿದು 'ರಸ್' ಒಂದು ಕಡೆ, 'ತೆ' ಒಂದು ಕಡೆ ಆಗುತ್ತದೆ.

ಎಕ್ಸೆಲ್ಲಿನಲ್ಲಿ ತೆರೆಯಲು ಸಿಎಸ್‌ವಿ ಕಡತ ಕೊಡುವುದಾದರೆ ಮೊದಲಿಗೆ 239, 187, 191 ಎಂಬ ಗುರುತಿನ ಮೂರು ಬೈಟ್ ಬರೆಯಿರಿ, ಇಲ್ಲವಾದರೆ ಕನ್ನಡ ಕಲಸುಮೇಲೋಗರವಾಗಿ ಕಾಣಬಹುದು. ಅದೇ ಕಡತವನ್ನು ಮರಳಿ ಓದುವಾಗ ಈ ಮೂರನ್ನೂ ತೆಗೆಯಿರಿ. ಬಿಟ್ಟರೆ ಅವು ಮೊದಲ ಅಂಕಣದ ಶೀರ್ಷಿಕೆಗೆ ಅಂಟಿಕೊಳ್ಳುತ್ತವೆ. ಕಣ್ಣಿಗೆ 'ಹೆಸರು' ಕಾಣುತ್ತಿದ್ದರೂ ಆ ಅಂಕಣವೇ ಇಲ್ಲ ಎಂದು ಪ್ರೋಗ್ರಾಂ ಹಟ ಹಿಡಿಯುತ್ತದೆ.