ಉಣುಗೋಲಿನಿಂದ ಅಂಗಳದವರೆಗೆ

ಸರ್ಕಾರದ ರಸ್ತೆ ಮನೆಯ ಬೇಲಿಬಾಗಿಲಾದ ಉಣುಗೋಲಿನ ಹತ್ತಿರ ಮುಗಿಯುತ್ತದೆ. ಅಲ್ಲಿಂದಾಚೆ ಮನೆಯವರ ಪಾಡು. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಸುತ್ತಿನಲ್ಲಾಗಲಿ, ಹೊಸನಗರ, ಸಾಗರದ ಕಡೆಗಾಗಲಿ, ಊರೆಂದರೆ ಎದುರುಬದುರು ಮನೆಗಳ ಬೀದಿ ಇರುವುದು ಕಡಿಮೆ. ಇಲ್ಲೊಂದು, ಅಲ್ಲೊಂದು ಒಂಟಿ ಮನೆ. ಅಡಿಕೆ ತೋಟ ಕಣಿವೆಯ ತಳದಲ್ಲಿ, ಮನೆ ತೋಟದ ತಲೆಯ ಮೇಲೆ, ರಸ್ತೆ ಇನ್ನೂ ಮೇಲೆ ಗುಡ್ಡದ ಓರೆಯಲ್ಲಿ. ರಸ್ತೆಗೂ ಮನೆಗೂ ನಡುವೆ ಒಂದು ಇಳುಕಲು ದಾರಿ. ಕೊಯ್ಲು ಮುಗಿದು ಅಡಿಕೆಯ ದುಡ್ಡು ಕೈಗೆ ಬರುವ ಹೊತ್ತಿಗೆ ಆ ದಾರಿಯ ಮಾತು ಜಗುಲಿಗೆ ಬರುತ್ತದೆ: ಕಾಂಕ್ರೀಟು ಹಾಕಿಸುವುದೋ, ಟಾರು ಹಾಕಿಸುವುದೋ?

ಪ್ರಶ್ನೆ ಇತ್ತೀಚಿನದು. ಆದರೆ ಕಾಲಡಿಯ ನೆಲವನ್ನು ಮಳೆಯಿಂದ ಉಳಿಸಿಕೊಳ್ಳುವುದು ಹೇಗೆ ಎಂಬ ಚಿಂತೆ ಈ ಸೀಮೆಯಲ್ಲಿ ಶತಮಾನಗಳಷ್ಟು ಹಳೆಯದು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿ ಹತ್ತಿ ಇಕ್ಕೇರಿಗೆ ಬಂದ. ಆಗ ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆ. ಆ ಪ್ರಯಾಣದ ಪತ್ರಗಳಲ್ಲಿ ಅವನು ಅರಮನೆ, ದೇವಸ್ಥಾನಗಳ ಜೊತೆಗೆ ನೆಲ ಸಾರಿಸುವ ಬಗೆಯನ್ನೂ ವಿವರವಾಗಿ ಬರೆದಿದ್ದಾನೆ. ನೀರಿನಲ್ಲಿ ಕಲಸಿದ ಸಗಣಿಯನ್ನು ಕೈಯಿಂದ ಬಳಿಯುವುದನ್ನು ಕಂಡು ಮೊದಲಿಗೆ ಇದೇನೋ ಮಡಿ ಆಚಾರ ಎಂದುಕೊಂಡನಂತೆ. ಮಣ್ಣಿನ ನೆಲ ನುಣುಪಾಗಿ, ಗಟ್ಟಿಯಾಗಿ ಕೂರಲು ಮಾಡುವ ಕೆಲಸ ಅದು ಎಂದು ಆಮೇಲೆ ತಿಳಿಯಿತು. ಗೋವಾದ ಪೋರ್ಚುಗೀಸರೂ ತಮ್ಮ ಮನೆಗಳಲ್ಲಿ ಹೀಗೇ ಮಾಡುತ್ತಾರೆ, ಸಾರಿಸಿದ ಮನೆಗೆ ಪ್ಲೇಗು ತಟ್ಟುವುದಿಲ್ಲವೆಂಬ ನಂಬಿಕೆಯಿದೆ, ಇಟಲಿಗೆ ಹೋದ ಮೇಲೆ ತಾನೂ ಮಾಡಿ ನೋಡಬೇಕು ಎಂದೆಲ್ಲ ಬರೆದ.

ಅವನು ಕಂಡ ಕೆಲಸ ಮೊನ್ನೆ ಮೊನ್ನೆಯವರೆಗೂ ಮಲೆನಾಡಿನ ಪ್ರತಿ ಮನೆಯಲ್ಲಿ ನಡೆದಿತ್ತು. ನಾಲ್ಕು ತಿಂಗಳ ಮಳೆಗೆ ಅಂಗಳದ ತುಂಬ ಪಾಚಿ, ಹುಲ್ಲು. ಓಡಾಡುವವರು ಜಾರಿ ಬೀಳದಂತೆ ಅಡಿಕೆ ದಬ್ಬೆಯನ್ನೋ ಚಪ್ಪಡಿಕಲ್ಲನ್ನೋ ಸಾಲಾಗಿ ಹಾಸಿ ಮಳೆಗಾಲ ದಾಟಿಸುತ್ತಿದ್ದರು. ಮಳೆ ಹೊಳವಾದ ಮೇಲೆ ಅಂಗಳ ಕೆತ್ತುವ ಕೆಲಸ. ಪಾಚಿ ಹೆರೆದು, ಕೊರೆದುಹೋದ ಕಡೆ ಮಣ್ಣು ತುಂಬಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಸಮ ಮಾಡಬೇಕು. ಅದು ಒಣಗಿ ಬಿರುಕು ಬಿಡುವ ಮೊದಲೇ ಸಗಣಿ ನೀರು ಹೊಯ್ದು ಅಡಿಕೆ ಹಾಳೆಯ ತುಂಡಿನಿಂದ ಎಳೆಯಬೇಕು. ಒಂದು ಪದರ ಆರಿದ ಮೇಲೆ ಇನ್ನೊಂದು. ಹೀಗೆ ಸಿದ್ಧವಾದ ಅಂಗಳದಲ್ಲಿ ಭತ್ತದ ಒಕ್ಕಣೆ, ಅದರ ಮೇಲಿನ ಚಪ್ಪರದಲ್ಲಿ ಅಡಿಕೆ ಒಣಗಿಸುವುದು, ಮದುವೆಯೂ ಅಲ್ಲಿಯೇ. ಮುಂದಿನ ಮುಂಗಾರಿಗೆ ಎಲ್ಲ ಕರಗಿಹೋಗುತ್ತದೆಂದು ಗೊತ್ತಿದ್ದೇ ಮಾಡುವ ಕೆಲಸ ಅದು.

ಇಳುಕಲಿಗೆ ಮಾತ್ರ ಸಗಣಿ ಸಾಲದು, ಅಲ್ಲಿ ಕಲ್ಲೇ ಬೇಕು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಕೋಟೆಗೆ ಹತ್ತುವವರು ಇಂದಿಗೂ ಕೆಳದಿ ಅರಸರ ಕಾಲದ ಕಲ್ಲುಹಾಸಿನ ಮೇಲೆ ನಡೆಯುತ್ತಾರೆ. ಒರಟು ಚಪ್ಪಡಿಗಳನ್ನು ಗಾರೆಯಿಲ್ಲದೆ ಹೊಂದಿಸಿ ಕೂರಿಸಿದ ದಾರಿ. ಸುರಿದ ಮಳೆ ಸಂದುಗಳಲ್ಲಿ ಇಳಿದುಹೋಗುತ್ತದೆ, ಹಾಸು ಕದಲುವುದಿಲ್ಲ. ಸಾಮಾನ್ಯರ ಮನೆಗೆ ಅಷ್ಟು ಅನುಕೂಲ ಎಲ್ಲಿಯದು? ಅವರಿಗೆ ಒದಗಿದ್ದು ಜಂಬಿಟ್ಟಿಗೆ. ಧರೆ ಕಡಿಯುವಾಗ ಸಿಗುವ, ಹಸಿಯಾಗಿದ್ದಾಗ ಕೊಡಲಿಗೂ ಬಗ್ಗುವ, ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುವ ಕಲ್ಲು. 1801ರಲ್ಲಿ ಇಕ್ಕೇರಿ, ನಗರ ಎಂಬ ಊರುಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಆ ಹೊತ್ತಿಗಾಗಲೇ ಮಲೆನಾಡಿನ ಎಷ್ಟೋ ಮನೆಗಳ ಮೆಟ್ಟಿಲುಗಳು ಜಂಬಿಟ್ಟಿಗೆಯವೇ ಆಗಿದ್ದವು.

ಮೆಟ್ಟಿಲು ಮನುಷ್ಯರಿಗೆ ಸರಿ, ಗಾಡಿಗೆ ಸರಿಹೋಗದು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಓದಿದವರಿಗೆ ಮೈಸೂರಿನಿಂದ ಬಂದ ಹೂವಯ್ಯ, ರಾಮಯ್ಯರು ತೀರ್ಥಹಳ್ಳಿಯಿಂದ ಮನೆಗೆ ಹೊರಟ ಎತ್ತಿನಗಾಡಿ ದಾರಿಯಲ್ಲಿ ಅವಘಡಕ್ಕೆ ಸಿಕ್ಕಿ ಹೂವಯ್ಯನ ಬೆನ್ನಿಗೆ ಪೆಟ್ಟಾಗುವುದು ನೆನಪಿರುತ್ತದೆ. ಗಾಡಿ ಅಂಗಳದವರೆಗೆ ಬರುವುದು ಆಗ ಅಂತಸ್ತಿನ ಗುರುತು. ಹೆಬ್ಬಾಗಿಲಿನ ದೊಡ್ಡ ಮನೆಗಳಿಗೆ ಗಾಡಿದಾರಿ, ಅದನ್ನು ವರ್ಷವರ್ಷ ಸರಿಮಾಡಲು ಆಳುಗಳು. ಗೇಣಿಯವರ ಬಿಡಾರಕ್ಕೆ ಗದ್ದೆಯ ಅಂಚು, ಹಳ್ಳ ದಾಟಲು ಒಂದು ಸಂಕ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. 1974ರ ಭೂಸುಧಾರಣೆಯಿಂದ ಗೇಣಿದಾರರು ಜಮೀನಿನ ಒಡೆಯರಾದರು. ಆದರೆ ಹೊಸ ಒಡೆಯನ ಮನೆಗೆ ಹೋಗುವ ದಾರಿ ಹಳೆಯ ಒಡೆಯನ ಬ್ಯಾಣದ ಮೇಲೆಯೇ ಹಾದುಹೋಗುತ್ತಿದ್ದರೆ ಏನು ಮಾಡುವುದು? ದಾರಿ ತಕರಾರು ಮಲೆನಾಡಿನ ಪಂಚಾಯ್ತಿ ಕಟ್ಟೆಗಳಿಗೂ ಕೋರ್ಟುಗಳಿಗೂ ಪರಿಚಿತ ವಿಷಯ.

ಮಲೆನಾಡಿನಲ್ಲಿ ಹೀಗೆ ದಾರಿಗಾಗಿ ತಕರಾರು ನಡೆಯುವ ಹೊತ್ತಿಗೆ ಹೊರಗಿನ ಲೋಕದಲ್ಲಿ ಟಾರು, ಸಿಮೆಂಟು ಎರಡೂ ಆಗಲೇ ಹಳೆಯವಾಗಿದ್ದವು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅಮೆರಿಕದ ಬೆಲ್‌ಫೌಂಟನ್ ಪಟ್ಟಣದ ಬೀದಿಗೆ ಕಾಂಕ್ರೀಟು ಬಿದ್ದದ್ದು 1891ರಲ್ಲಿ. ಜಲ್ಲಿಗೆ ಟಾರು ಬೆರೆಸಿ ಹಾಸುವ ವಿಧಾನಕ್ಕೆ ಎಡ್ಗರ್ ಹೂಲಿ ಪೇಟೆಂಟ್ ಪಡೆದದ್ದು 1902ರಲ್ಲಿ. ಶಿವಮೊಗ್ಗ ಜಿಲ್ಲೆಗೆ ಸಿಮೆಂಟು ದೂರದ ವಸ್ತುವೂ ಆಗಿರಲಿಲ್ಲ. 1930ರ ದಶಕದ ಕೊನೆಯ ಹೊತ್ತಿಗೆ ಭದ್ರಾವತಿಯ ಕಾರ್ಖಾನೆಯಲ್ಲೇ ಸಿಮೆಂಟು ತಯಾರಾಗುತ್ತಿತ್ತು. 1940ರ ದಶಕದಲ್ಲಿ ತೀರ್ಥಹಳ್ಳಿಯಲ್ಲಿ ತುಂಗೆಗೆ ಕಮಾನು ಸೇತುವೆಯಾಯಿತು.

ಸೇತುವೆಗೆ ಸಿಕ್ಕಷ್ಟು ಸುಲಭವಾಗಿ ಮನೆಗೆ ಸಿಮೆಂಟು ಸಿಗಲಿಲ್ಲ. ಬೆಲೆ ಮತ್ತು ಹಂಚಿಕೆ ಬಹುಕಾಲ ಸರ್ಕಾರದ ಕೈಯಲ್ಲಿತ್ತು, ಚೀಲಗಳಿಗೆ ಪರ್ಮಿಟ್ ಬೇಕಿತ್ತು. ನಿಯಂತ್ರಣ 1982ರಲ್ಲಿ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಮಲೆನಾಡಿನ ಅಂಗಳಗಳಿಗೆ ಸಿಮೆಂಟು ಧಾರಾಳವಾಗಿ ಇಳಿದದ್ದು ಆಮೇಲೆ. ಮೊದಲು ಬಚ್ಚಲು, ನಂತರ ಕೊಟ್ಟಿಗೆ, ನಂತರ ಅಡಿಕೆ ಒಣಗಿಸುವ ಅಂಗಳ. ಕೊನೆಯದು ದಾರಿ.

ದಾರಿ ಕೊನೆಗೆ ಉಳಿಯಲು ಇನ್ನೊಂದು ಕಾರಣವಿತ್ತು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500 ಜನರಿರುವ, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವ ಜನವಸತಿಗಳನ್ನು ಲೆಕ್ಕಕ್ಕೆ ಹಿಡಿಯಿತು. ಕರ್ನಾಟಕ ಗುಡ್ಡಗಾಡು ರಾಜ್ಯವಲ್ಲ. ಮೂರು ಮನೆ ಒಂದು ಗುಡ್ಡದ ಬುಡದಲ್ಲಿ, ನಾಲ್ಕು ಮನೆ ಇನ್ನೊಂದರ ಮಗ್ಗುಲಲ್ಲಿ ಇರುವ ಊರುಗಳು ಐನೂರರ ಲೆಕ್ಕಕ್ಕೆ ಸಿಗುವುದಾದರೂ ಹೇಗೆ? ಶಾಸಕರ ನಿಧಿ, ಪಂಚಾಯ್ತಿ, ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಎಂದು ಅಲೆದು ಊರವರು ಒಂದಷ್ಟು ದೂರ ರಸ್ತೆ ಮಾಡಿಸಿಕೊಂಡರು. ಉಳಿದದ್ದು ಸ್ವಂತ ಖರ್ಚು.

ಸ್ವಂತ ಖರ್ಚಿನ ವಿಷಯ ಬಂದಾಗ ಟಾರು ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಡಾಂಬರು ಬೆರೆತ ಜಲ್ಲಿ ಸುಮಾರು 150 ಡಿಗ್ರಿ ಬಿಸಿಯಲ್ಲಿ ಬಂದು, ಆರುವ ಮೊದಲೇ ರೋಲರಿನಡಿ ಕೂರಬೇಕು. ನೂರು ಮಾರು ದಾರಿಗೆಂದು ಯಾವ ಗುತ್ತಿಗೆದಾರನೂ ಪ್ಲಾಂಟು ಹೊತ್ತಿಸುವುದಿಲ್ಲ. ಊರ ರಸ್ತೆಗೆ ಟಾರು ಬೀಳುವ ವರ್ಷ ಮಾತಾಡಿಕೊಂಡು ಹಾಕಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಕಿಸಿದ ಮೇಲೂ ಅದಕ್ಕೆ ನೀರೇ ವೈರಿ. ಮರದ ನೆರಳಿನಲ್ಲಿ ಆರದ ದಾರಿ, ಧರೆಯಿಂದ ಒಸರುವ ಒರತೆ, ಅಂಚಿನಲ್ಲಿ ಕೊರೆಯುವ ನೀರು ಸೇರಿದರೆ ಡಾಂಬರು ಕಲ್ಲನ್ನು ಬಿಟ್ಟುಕೊಡುತ್ತದೆ. ಒಂದು ಜಲ್ಲಿ ಎದ್ದರೆ ಸಾಕು, ಗೊಬ್ಬರದ ಲಾರಿ ಬರುವ ಹೊತ್ತಿಗೆ ಗುಂಡಿ. ಶಿರಾಡಿ ಘಾಟಿಯಲ್ಲಿ ಪ್ರತಿ ಮಳೆಗೆ ಕಿತ್ತುಹೋಗುತ್ತಿದ್ದ ಟಾರು ರಸ್ತೆಗೆ ಸಾಕಾಗಿ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಸಂಚಾರ ಬಂದ್ ಮಾಡಿ ಕಾಂಕ್ರೀಟು ಹಾಕಿದ್ದು ಎಲ್ಲರಿಗೂ ಗೊತ್ತು. ಇನ್ನು ಅಂಗಳದ ಮಾತಿಗೆ ಬಂದರೆ, ಬಯಲುಸೀಮೆಯಲ್ಲಿ ಟಾರು ರಸ್ತೆಯೇ ಒಕ್ಕಣೆಯ ಕಣವಾದದ್ದುಂಟು. ಆದರೆ ವಾರಗಟ್ಟಲೆ ಬಿಸಿಲಿಗೆ ಹರವುವ ಚಾಲಿ ಅಡಿಕೆಯನ್ನು, ಬಿಸಿಲಿಗೆ ಮೆತ್ತಗಾಗುವ ಡಾಂಬರಿನ ಮೇಲೆ ಸಾಗರದ ಯಾವ ಬೆಳೆಗಾರ ಸುರಿದಾನು?

ಟಾರಿಗೂ ಅದರದ್ದೇ ಗುಣವಿದೆ. ಗುಂಡಿ ಬಿದ್ದರೆ ತೇಪೆ ಹಾಕಬಹುದು, ನೆಲ ತುಸು ಕುಸಿದರೆ ಜೊತೆಗೇ ಬಾಗುತ್ತದೆ, ಹಾಕಿದ ದಿನವೇ ಗಾಡಿ ಓಡಿಸಬಹುದು. ಕಾಂಕ್ರೀಟು ಹಾಗಲ್ಲ. ಅಡಿಪಾಯ ಕೈಕೊಟ್ಟರೆ ಅಡ್ಡಡ್ಡ ಸೀಳುತ್ತದೆ, ಸೀಳಿದ್ದು ಮತ್ತೆ ಕೂಡುವುದಿಲ್ಲ. ಆದರೂ ಊರ ಮೇಸ್ತ್ರಿ, ಒಂದು ಮಿಕ್ಸರ್, ನಾಲ್ಕೈದು ಆಳು ಇದ್ದರೆ ಕೆಲಸ ಆಗುತ್ತದೆ. ಹೊಸ ಮಣ್ಣು ತುಂಬಿದ ಕಡೆ ಒಂದು ಮಳೆಗಾಲ ಬಿಟ್ಟು, ನೆಲ ಕೂತ ಮೇಲೆ ಐದಾರು ಇಂಚು ದಪ್ಪಕ್ಕೆ ಹಾಕುತ್ತಾರೆ. ಹತ್ತು ಹನ್ನೆರಡು ಅಡಿಗೊಂದು ಸಂದು ಬಿಡುತ್ತಾರೆ. ಏರಿನಲ್ಲಿ ಹಸಿಯಿದ್ದಾಗಲೇ ಗೀರು ಎಳೆಯುತ್ತಾರೆ, ಇಲ್ಲವಾದರೆ ಆಷಾಢದಲ್ಲಿ ಬೈಕು ಹತ್ತುವುದಿಲ್ಲ. ಮೇಲೆ ಗೋಣಿಚೀಲವೋ ಹುಲ್ಲೋ ಹರವಿ ಕನಿಷ್ಠ ಒಂದು ವಾರ ನೀರು ಉಣಿಸಬೇಕು. ಪೂರ್ತಿ ಬಲ ಬರುವುದಕ್ಕೆ 28 ದಿನ. ಖರ್ಚು ಉಳಿಸಬೇಕೆನ್ನುವವರು ಗಾಲಿ ಹೋಗುವ ಎರಡು ಪಟ್ಟಿಗೆ ಮಾತ್ರ ಕಾಂಕ್ರೀಟು ಹಾಕಿಸಿ ನಡುವೆ ಹುಲ್ಲು ಬಿಡುತ್ತಾರೆ, ನೀರು ಇಂಗಲಿಕ್ಕೂ ಅದು ಒಳ್ಳೆಯದು.

ಹಾಗೆಂದು ಪಾಚಿ ಕಾಂಕ್ರೀಟನ್ನು ಬಿಟ್ಟಿಲ್ಲ. ಅಜ್ಜಿಯರು ಅಂಗಳ ಹೆರೆಯುತ್ತಿದ್ದ ಜಾಗದಲ್ಲಿ ಈಗ ಬ್ಲೀಚಿಂಗ್ ಪೌಡರ್ ಚೆಲ್ಲಿ ಪೊರಕೆಯಿಂದ ಉಜ್ಜುತ್ತಾರೆ. 2019ರಲ್ಲಿ ಜಲಜೀವನ್ ಮಿಷನ್ ಬಂದ ಮೇಲೆ ಪೈಪಿಗಾಗಿ ಹಳ್ಳಿಯ ಕಾಂಕ್ರೀಟು ರಸ್ತೆಗಳನ್ನು ಸೀಳಿದ್ದನ್ನು ಕಂಡವರು, ತಮ್ಮ ದಾರಿಗೆ ಹಾಕಿಸುವ ಮೊದಲೇ ಅಡ್ಡಲಾಗಿ ಒಂದೆರಡು ಖಾಲಿ ಪಿವಿಸಿ ಪೈಪು ಹೂತಿಡುವುದನ್ನು ಕಲಿತಿದ್ದಾರೆ.

ಮಲೆನಾಡಿನ ಮಟ್ಟಿಗೆ ತೀರ್ಪು ಹೀಗೆ: ಏರಿಗೂ ನೆರಳಿನ ತಿರುವಿಗೂ ಕಾಂಕ್ರೀಟು, ಅಡಿಕೆ ಒಣಗುವ ಅಂಗಳಕ್ಕೆ ಸಿಮೆಂಟು, ಸಮತಟ್ಟಿನ ಜಾಗಕ್ಕೆ ಜಲ್ಲಿಯೇ ಸಾಕು. ಬಿಸಿಲು ಬೀಳುವ, ಇಳುಕಲಿಲ್ಲದ, ಊರ ರಸ್ತೆಗೆ ಅಂಟಿಕೊಂಡ ತುಂಡು ದಾರಿಗೆ ಮಾತ್ರ ಟಾರು ಒಪ್ಪುತ್ತದೆ. ದಾರಿ ಬೇರೆಯವರ ಜಮೀನಿನಲ್ಲಿ ಹಾದುಹೋಗುವುದಾದರೆ ಜಲ್ಲಿ ಇಳಿಸುವ ಮೊದಲು ಮಾತನ್ನು ಕಾಗದಕ್ಕೆ ಇಳಿಸಿ. ಕಾಂಕ್ರೀಟು, ಟಾರು ಎರಡರಲ್ಲಿ ಯಾವುದನ್ನೇ ಹಾಕಿಸಿ, ಧರೆಯ ಬದಿಗೆ ಚರಂಡಿ, ತಗ್ಗಿಗೊಂದು ಮೋರಿ ಇಲ್ಲದಿದ್ದರೆ ಮೂರು ಮಳೆಗಾಲ ದಾಟುವುದು ಕಷ್ಟ. ಖರ್ಚಿನ ಪಟ್ಟಿ ಬರೆಯುವಾಗ ಮೊದಲ ಸಾಲಿಗೆ ಚರಂಡಿಯನ್ನೇ ಬರೆದುಕೊಳ್ಳಿ.