ಹಾರುವ ಗಾಡಿಯ ಕಥೆ ಬರೆದವರ ಸ್ಕೂಲ್ ಬಸ್ಸು

ಹೊಗೆಯಿಲ್ಲದ ಅಡುಗೆಮನೆ. ಬಿಸಿಲಿನ ಶಾಖದಲ್ಲೇ ಅಡುಗೆ. ಕರೆಂಟಿನಲ್ಲಿ ಉಳುಮೆ. ಪೈಪು ಹಾಕಿ ಮೋಡದಿಂದಲೇ ನೀರು. ಓಡಾಡಲು ಹಾರುವ ಗಾಡಿ. ಇದನ್ನೆಲ್ಲ ಒಬ್ಬ ಹೆಣ್ಣುಮಗಳು 1905ರಲ್ಲೇ ಬರೆದಿದ್ದರು ಅಂದರೆ ನಂಬುತ್ತೀರಾ?

ಅವರ ಹೆಸರು ರೊಕೇಯಾ ಸಖಾವತ್ ಹುಸೇನ್. ಹುಟ್ಟಿದ್ದು 1880ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ರಂಗಪುರ ಜಿಲ್ಲೆಯ ಪೈರಾಬಂದ್ ಹಳ್ಳಿಯಲ್ಲಿ. ಜಮೀನ್ದಾರರ ಮನೆ. ಗಂಡುಮಕ್ಕಳಿಗೆ ಕಾಲೇಜು, ಹೆಣ್ಣುಮಕ್ಕಳಿಗೆ ಪರದೆ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ಇಬ್ರಾಹಿಂ ಮೇಣದಬತ್ತಿ ಹಚ್ಚಿಟ್ಟು ತಂಗಿಗೆ ಇಂಗ್ಲಿಷ್ ಕಲಿಸಿದರು. ಬಂಗಾಳಿ ಕಲಿಯಲು ಬೆಂಬಲವಾಗಿ ನಿಂತವರು ಅಕ್ಕ ಕರೀಮುನ್ನಿಸಾ.

ಗಂಡ ಸಖಾವತ್ ಹುಸೇನ್ ಬಿಹಾರದ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಓದು, ಬರಹ ಎರಡಕ್ಕೂ ಅವರೇ ಹುರಿದುಂಬಿಸಿದರು. ಅವರು ಟೂರಿಗೆ ಹೋಗಿದ್ದಾಗ, ಹೊತ್ತು ಕಳೆಯಲೆಂದು ರೊಕೇಯಾ ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ಅದೇ 'ಸುಲ್ತಾನಾಸ್ ಡ್ರೀಮ್'. ಅಚ್ಚಾಗಿದ್ದು ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ.

ಕಥೆಯಲ್ಲಿ ಹೆಂಗಸರದ್ದೇ ಒಂದು ರಾಜ್ಯ. ಶತ್ರುಗಳು ನುಗ್ಗಿದಾಗ ಗಂಡಸರ ಸೈನ್ಯ ಸೋಲುತ್ತದೆ. ಓದಿದ ಹೆಂಗಸರು ಸೂರ್ಯನ ಶಾಖ ಒಟ್ಟುಮಾಡಿ ಬಿಟ್ಟು ಶತ್ರುಗಳನ್ನು ಓಡಿಸುತ್ತಾರೆ. ಆಮೇಲೆ ಪರದೆಯೊಳಗೆ ಇರುವುದು ಗಂಡಸರು! ಗಂಡ ನಿಂತಲ್ಲೇ ಪೂರ್ತಿ ಓದಿ, ಭಾರಿ ಸೇಡು ತೀರಿಸಿಕೊಂಡೆ ಅಂದರಂತೆ.

1909ರಲ್ಲಿ ಗಂಡ ತೀರಿಕೊಂಡರು. ಅದೇ ವರ್ಷ ರೊಕೇಯಾ ಭಾಗಲ್ಪುರದಲ್ಲಿ ಐದು ಹುಡುಗಿಯರೊಂದಿಗೆ ಶಾಲೆ ತೆರೆದರು. ಆಸ್ತಿ ತಕರಾರು ಎದ್ದು ಆ ಊರು ಬಿಡಬೇಕಾಯಿತು. 1911ರಲ್ಲಿ ಕಲ್ಕತ್ತೆಯಲ್ಲಿ ಮತ್ತೆ ಶುರು, ಈ ಸಲ ಎಂಟು ಹುಡುಗಿಯರು. ಮಕ್ಕಳನ್ನು ಕಳಿಸಿ ಎಂದು ಮನೆಮನೆಗೂ ಹೋಗಿ ಕೇಳಿದರು.

ಹುಡುಗಿಯರನ್ನು ಕರೆತರಲು ಮೋಟಾರ್ ಬಸ್ ಬಂತು. ಪರದೆ ಪಾಲಿಸಬೇಕೆಂದು ಅದನ್ನು ಎಲ್ಲ ಕಡೆ ಮುಚ್ಚಿದ್ದರು. ಒಳಗೆ ಗಾಳಿ, ಬೆಳಕು ಇಲ್ಲ. ಮಕ್ಕಳು ವಾಂತಿ ಮಾಡಿಕೊಂಡರು, ತಲೆಸುತ್ತಿ ಬಿದ್ದರು. ಕಿಟಕಿ ತೆಗೆಸಿ ಬಟ್ಟೆ ಕಟ್ಟಿಸಿದರೆ, ಗಾಳಿಗೆ ಬಟ್ಟೆ ಹಾರುತ್ತದೆ, ಮರ್ಯಾದೆ ಹೋಯಿತು ಎಂದು ಬೆದರಿಕೆ ಪತ್ರಗಳು ಬಂದವು. ಇದನ್ನು ಅವರೇ 'ಅವರೋಧಬಾಸಿನಿ' ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಕಥೆಯಲ್ಲಿ ಗಾಡಿ ಹಾರಿಸಿದವರಿಗೆ ಊರಿನ ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆಗೆಸುವುದೇ ಕಷ್ಟವಾಯಿತು.

ಆದರೂ ಶಾಲೆ ಮುಚ್ಚಲಿಲ್ಲ. 1932ರ ಡಿಸೆಂಬರ್ 9ರಂದು ತೀರಿಕೊಳ್ಳುವವರೆಗೂ ನಡೆಸಿದರು. ಆ ದಿನವನ್ನು ಬಾಂಗ್ಲಾದೇಶ ಈಗ ರೊಕೇಯಾ ದಿನವಾಗಿ ಆಚರಿಸುತ್ತದೆ. ಕೋಲ್ಕತ್ತದ ಶಾಲೆ ಸರ್ಕಾರಿ ಶಾಲೆಯಾಗಿ ಇಂದಿಗೂ ನಡೆಯುತ್ತಿದೆ.

ಅವರು ಕನಸು ಕಂಡ ಬಿಸಿಲಿನ ಶಕ್ತಿ ಈಗ ನಮ್ಮ ಮನೆಗಳ ಮೇಲೂ ಕೂತಿದೆ. ಮಗಳನ್ನು ದೂರದ ಕಾಲೇಜಿಗೆ ಬಸ್ ಹತ್ತಿಸುವ ಮಾತು ಬಂದಾಗ ಮಾತ್ರ ಎಷ್ಟೋ ಮನೆಗಳಲ್ಲಿ ನಾವು ಇನ್ನೂ ಯೋಚನೆ ಮಾಡುತ್ತಲೇ ಇದ್ದೇವೆ.