ನಾಗಂದಿಗೆಯ ಮೇಲಿನ ದನಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಮರದ್ದೇ ರಾಜ್ಯ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಆಮೇಲೆ ನಮ್ಮ ಮನೆಗೆ ಬಂದ ರೇಡಿಯೋ, ಮಕ್ಕಳ ಕೈಗೆ ಎಟುಕದಿರಲೆಂದು ಮರದ ನಾಗಂದಿಗೆ ಏರಿತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮಲ್ಲಿಗೂ ಬಂದಾಗ, ಸ್ಪೀಕರ್ ಪೆಟ್ಟಿಗೆಗೂ ಅದೇ ಜಾಗ.

ತಾಳಮದ್ದಲೆ ಹಾಕಿದರೆ ಆಯಿ, "ಮದ್ದಲೆ ಒಂದೇ ಕೇಳ್ತು, ಅರ್ಥ ಕೇಳ್ತಿಲ್ಲೆ" ಎನ್ನುತ್ತಿದ್ದಳು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದುಕೊಂಡೆವು.

ಒಂದು ದಿನ ಧೂಳು ಒರೆಸುವಾಗ ನಾಗಂದಿಗೆ ನನ್ನ ಕೈಯಡಿ ನಡುಗಿತು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ರೂಪಿಸಿದ ಮಾದರಿಯ ಸ್ಪೀಕರಿನಲ್ಲಿ ಕಾಗದದ ಶಂಕು ಗಾಳಿಯನ್ನು ತಳ್ಳುತ್ತದೆ, ಜೊತೆಗೆ ಪೆಟ್ಟಿಗೆಯನ್ನೂ ಒದೆಯುತ್ತದೆ. ಆ ಒದೆತಕ್ಕೆ ಹಲಗೆಯೂ ದನಿಗೂಡಿಸುತ್ತದೆ. ತಂಬೂರಿಗೆ ಬುರುಡೆ ಬೇಕು, ನಿಜ. ಸ್ಪೀಕರಿಗೆ ಎರಡನೆಯ ಬುರುಡೆ ಬೇಡ.

ನೆಲದ ಮೇಲೆ ಮಡಿಸಿದ ಕಂಬಳಿ, ಅದರ ಮೇಲೆ ಭಾರದ ಕಲ್ಲುಚಪ್ಪಡಿ, ಚಪ್ಪಡಿಯ ಮೇಲೆ ಅಲುಗಾಡದಂತೆ ಪೆಟ್ಟಿಗೆ ಇಟ್ಟೆವು. ಕಲ್ಲು ಒದೆತವನ್ನು ತಾಳಿಕೊಂಡಿತು, ಕಂಬಳಿ ಅದನ್ನು ನೆಲಕ್ಕೆ ದಾಟಗೊಡಲಿಲ್ಲ. ಅಂದು ಸಂಜೆ ಕೃಷ್ಣನ ಮಾತಿಗೆ ಆಯಿ ಗಟ್ಟಿಯಾಗಿ ನಕ್ಕಳು.

ಹಲಗೆಯ ತಪ್ಪನ್ನು ಎಷ್ಟು ವರ್ಷ ಅವಳ ಕಿವಿಯ ಮೇಲೆ ಹೊರಿಸಿದ್ದೆವು!